ಒಂದು ಪೇಪರ್ ಬಾಕಿ

ಏಪ್ರಿಲ್ 18, ಗುರುವಾರ

ತಲೆಗೆ ಶಾಂಪೂ ಹಚ್ಚಿಕೊಂಡಾಗಲೇ ಗ್ಯಾಸ್ ಮುಗಿಯಬೇಕು. ಈ ಮನೆಯ ನಿಯಮ. ತಣ್ಣೀರಲ್ಲೇ ತೊಳೆದುಕೊಂಡೆ. ಎದುರಿನ ಬೆಟ್ಟದ ಹಿಮ ನೇರ ನಲ್ಲಿಗೇ ಬಂದ ಹಾಗಿತ್ತು. ಸಿಲಿಂಡರ್‌ನವನು ಬರುವುದು ನಾಳೆ. ಬೀದಿಯಲ್ಲಿ ನಿಂತು ಕೂಗುತ್ತಾನೆ. ನಾಲ್ಕನೇ ಮಹಡಿಯಿಂದ ನಾವು ಓಗೊಡುವಷ್ಟರಲ್ಲಿ ಪಕ್ಕದ ಬೀದಿ ಸೇರಿರುತ್ತಾನೆ.

ಲೊರೇನಾಗೆ ಹೇಳಿದೆ. ಹಾಸಿಗೆಯಿಂದಲೇ ಅಂದಳು, "ಸ್ನಾನ ಯಾಕೆ ಮಾಡ್ತೀಯ ಮಾರಾಯ್ತಿ, ಲೈಬ್ರರೀಲಿ ಯಾರು ಮೂಸಿ ನೋಡ್ತಾರೆ?" ಮೂರು ವರ್ಷದಿಂದ ಒಂದೇ ಮನೆ, ಐದು ವರ್ಷದಿಂದ ಒಂದೇ ಫಾರ್ಮಸಿ ಕ್ಲಾಸು. ಅವಳಿಗೆ ಎರಡು ಪೇಪರ್ ಬಾಕಿ, ನನಗೆ ಒಂದು. ಅವಳು ಗೊರಕೆ ಹೊಡೆಯುತ್ತಾಳೆ, ನಾನು ಹೊಡೆಯುವುದಿಲ್ಲ. ವ್ಯತ್ಯಾಸ ಅಷ್ಟೇ.

ಗುಡ್ಡ ಹತ್ತಿ ಕಾಲೇಜಿಗೆ. ಕೆಮಿಸ್ಟ್ರಿ ಕ್ಲಾಸು — ಮೂರನೇ ವರ್ಷದ ಮಕ್ಕಳ ಜೊತೆ, ಮತ್ತೆ. ಒಬ್ಬಳು ಬಂದು, "ಮೇಡಂ, ಇಲ್ಲಿ ಯಾರಾದ್ರೂ ಕೂತಿದ್ದಾರಾ?" ಅಂದಳು. ಮೇಡಂ! ಇಪ್ಪತ್ನಾಲ್ಕಕ್ಕೇ.

ಸಂಜೆ ಚಹಾದಂಗಡಿ. ಟೂರಿಸ್ಟರಿಗೆ ಪುದೀನಾ ಚಹಾ ಎತ್ತರದಿಂದ ಸುರಿದು ತೋರಿಸುವ ಕೆಲಸ. ಊರಲ್ಲಿ ಹೀಗೆ ಸುರಿದಿದ್ದರೆ ಯಮ್ಮಾ ಬೈಯುತ್ತಿದ್ದಳು, ಚೆಲ್ಲುತ್ತೀಯ ಅಂತ. ಕಾಲು ನೋವು. ಮಲಗುತ್ತೇನೆ.

ಏಪ್ರಿಲ್ 21, ಭಾನುವಾರ

ಲೊರೇನಾ ಊರಿಂದ ಬಂದಳು. ಹಾಯೆನ್ ಕಡೆಯ ಹಳ್ಳಿ, ಸುತ್ತ ಆಲಿವ್ ತೋಟ. ಪ್ರತಿ ವಾರ ಕೊಳೆ ಬಟ್ಟೆ ಹೊತ್ತು ಹೋಗುತ್ತಾಳೆ, ಡಬ್ಬಿ ಹೊತ್ತು ಬರುತ್ತಾಳೆ. ಒಂದು ಡಬ್ಬಿಯ ಮೇಲೆ ನನ್ನ ಹೆಸರು. ಅವರಮ್ಮ ಮನೋಲಿ ನನಗೆಂದೇ ಹಂದಿ ಮಾಂಸ ಹಾಕದೆ ಬೇಯಿಸಿದ ಬೇಳೆ. ಜೊತೆಗೆ ಎಂದಿನ ಹುಕುಂ: ಮುಚ್ಚಳ ವಾಪಸ್ ಬರದಿದ್ದರೆ ಮುಂದಿನ ವಾರ ಇಬ್ಬರಿಗೂ ಉಪವಾಸ.

ನನಗೆ ಭಾನುವಾರದಲ್ಲಿ ಹೋಗಿ ಬರುವ ಊರಿಲ್ಲ. ನಮ್ಮ ಗಣಿಯೂರು ಖುರಿಬ್ಗಾ ಸಮುದ್ರದಾಚೆ.

"ಪಟ್ಟಿಗೆ ಹೆಸರು ಕೊಟ್ಟೆ, ನಿಂದೂ," ಅಂದಳು ಲೊರೇನಾ. ಪದವಿ ಸಮಾರಂಭದ ನೇರಳೆ ಪಟ್ಟಿ, ಹೆಗಲಿಂದ ಎದೆಗೆ ಇಳಿಬಿಡುವುದು.

"ಪಾಸೇ ಆಗಿಲ್ಲವಲ್ಲೇ ನಾವು."

"ಅದಕ್ಕೂ ಇದಕ್ಕೂ ಏನು ಸಂಬಂಧ? ಸಮಾರಂಭ ಮೇ, ಪರೀಕ್ಷೆ ಜೂನ್. ಮೇನಲ್ಲಿ ಎಲ್ಲರ ಮುಖದಲ್ಲೂ ಕಳೆ ಇರುತ್ತೆ, ಜೂನ್‌ನಲ್ಲಿ ಫೋಟೋ ತೆಗೆದ್ರೆ ಹೆಣದ ಹಾಗೆ ಕಾಣ್ತೀವಿ."

ಐದು ವರ್ಷವಾಯಿತು, ಈ ಸ್ಪ್ಯಾನಿಷ್ ಜನರ ಈ ಲೆಕ್ಕ ನನಗಿನ್ನೂ ಒಗ್ಗಿಲ್ಲ. ಕೊನೆ ವರ್ಷದಲ್ಲಿದ್ದರೆ ಸಾಕು, ಎಷ್ಟು ಬಾಕಿ ಇದ್ದರೂ ವೇದಿಕೆ ಹತ್ತಬಹುದು. ಅಪ್ಪ ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲ ಬಂದು ಅಳುತ್ತಾರೆ. ಆಮೇಲೆ ಮಗಳು ಮನೆಗೆ ಹೋಗಿ ಪುಸ್ತಕ ತೆಗೆಯುತ್ತಾಳೆ. ಇಲ್ಲಿ ಯಾರಿಗೂ ಇದರಲ್ಲಿ ಸುಳ್ಳು ಕಾಣುವುದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿರುತ್ತದೆ.

ನಮ್ಮ ಮನೆಯಲ್ಲಿ ಗೊತ್ತಿಲ್ಲ. ಈದ್ ದಿನ ಫೋನ್ ಮಾಡಿದಾಗ ಸಮಾರಂಭದ ಸುದ್ದಿ ಬಾಯಿತಪ್ಪಿ ಹೇಳಿದೆ. ಯಮ್ಮಾ ಕೇಳಿದಳು, "ಹಾಗಾದ್ರೆ ಮುಗೀತಾ?"

ಹೂಂ ಅಂದೆ. ಇನ್ನೇನೂ ಅನ್ನಲಿಲ್ಲ. ಬರೀ ಹೂಂ.

ಏಪ್ರಿಲ್ 30, ಮಂಗಳವಾರ

ಯಮ್ಮಾಗೆ ವೀಸಾ ಸಿಕ್ಕಿತು. ಎರಡು ಸಲ ಕೊಡದವರು ಈಗ ಕೊಟ್ಟಿದ್ದಾರೆ. ಫೋನಲ್ಲಿ ಕಿರುಚಿದಳು. ಹಿಂದೆ ಅಪ್ಪನ ಕೆಮ್ಮು, ನಗು, ಮತ್ತೆ ಕೆಮ್ಮು — ಗಣಿಯ ಕೆಮ್ಮು, ನಗುವಾಗಲೂ ಬಿಡುವುದಿಲ್ಲ.

ನಾನೂ ಕಿರುಚಿದೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ.

ಮೇ 3, ಶುಕ್ರವಾರ. ಮಧ್ಯಾಹ್ನ

ಶಿಲುಬೆ ಹಬ್ಬ. ಚೌಕದಲ್ಲೆಲ್ಲ ಹೂವಿನ ಶಿಲುಬೆ, ಸ್ಪೀಕರ್, ಹೆಂಗಸರ ಪೋಲ್ಕಾ ಚುಕ್ಕಿ ಲಂಗ. ಕಿಟಕಿ ಮುಚ್ಚಿದರೂ ಚಪ್ಪಾಳೆ ಒಳಗೇ. ಒಂದೇ ಪುಟ ನಾಲ್ಕನೇ ಸಲ ಓದುತ್ತಿದ್ದೇನೆ.

ಯಮ್ಮಾ ಫೋಟೋ ಕಳಿಸಿದಳು. ತರಕಾರಿ ಮಾರ್ಕೆಟ್ ಎದುರು ದ್ರಿಸ್ ಮಾವನ ಖಾಲಿ ಅಂಗಡಿ. ಮೇಲೆ ಹೊಸ ಬೋರ್ಡು, ಹಸಿರು ಅಕ್ಷರದಲ್ಲಿ ನನ್ನ ಹೆಸರು: ಸುಕೈನಾ ಫಾರ್ಮಸಿ. ಅಪ್ಪ ದಿನಾ ಸಂಜೆ ಹೋಗಿ ಧೂಳು ಒರೆಸಿ ಬರುತ್ತಾರಂತೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಇಲ್ಲಿಯವರಷ್ಟೇ ಅಂದುಕೊಂಡಿದ್ದೆ, ನಮ್ಮವರೂ ಕಡಿಮೆಯಿಲ್ಲ.

ಈ ಸಲ ಹೇಳಲೇಬೇಕು. ಜನವರಿಯಲ್ಲಿ ಹತ್ತಕ್ಕೆ ಬಂದದ್ದು ನಾಲ್ಕೂವರೆ, ಬೇಕಿದ್ದದ್ದು ಐದು. ಅದರ ಹಿಂದಿನ ಸಲ ನಾಲ್ಕು. ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಆದರೆ ಫೋನ್ ಎತ್ತಿದರೆ ಅವಳು ಮೊದಲೇ ಶುರು ಮಾಡುತ್ತಾಳೆ — ಗಾಜಿನ ಬೀರು ಬಂತು, ಕೌಂಟರಿಗೆ ಬಣ್ಣ ಯಾವುದು...

ನೀಲಿ ಅಂದೆ.

ಮೇ 16, ಗುರುವಾರ

ಯಮ್ಮಾ ಬಂದಳು. ಬಸ್ಸು, ಹಡಗು, ಮತ್ತೆ ಬಸ್ಸು. ಬಸ್‌ಸ್ಟಾಂಡಿನಲ್ಲಿ ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಐದು ವರ್ಷದಲ್ಲಿ ನಾನು ಊರಿಗೆ ಹೋದದ್ದು ಎರಡೇ ಸಲ. "ಮೂಳೆ ಮಾತ್ರ ಉಳಿಸ್ಕೊಂಡಿದೀಯ," ಅಂದಳು. "ಮಿಕ್ಕಿದ್ದು ಯಾರಿಗೆ ಕೊಟ್ಟೆ?"

ಎರಡು ಸೂಟ್‌ಕೇಸ್. ಒಂದರಲ್ಲಿ ಎಳ್ಳಿನ ಮಿಠಾಯಿ, ರೊಟ್ಟಿ, ಸಮಾರಂಭಕ್ಕೆಂದು ಅವಳೇ ಹೊಲಿದ ಬಿಳಿ ನಿಲುವಂಗಿ, ಕಫ್ತಾನು. ಇನ್ನೊಂದು ಖಾಲಿ.

"ಇದು ಯಾಕೆ?"

"ನಿನ್ನ ಸಾಮಾನಿಗೆ. ಸೋಮವಾರದ ಹಡಗು, ಇಬ್ಬರಿಗೂ ಟಿಕೆಟ್ ತಗೊಂಡಿದೀನಿ. ಓದು ಮುಗಿದ ಮೇಲೆ ಇಲ್ಲಿ ಏನು ಕೆಲಸ ನಿನಗೆ?"

ಸೋಮವಾರ. ಪರೀಕ್ಷೆ ಜೂನ್ ಹನ್ನೆರಡು. ಸೋಮವಾರ ಹೋದರೆ ಐದು ವರ್ಷ ನೀರಿಗೆ. ಹೋಗುವುದಿಲ್ಲ ಅಂದರೆ ಯಾಕೆ ಅಂತ ಹೇಳಬೇಕು.

ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು. ಮೂರನೆಯದರಲ್ಲಿ ನಿಂತು ಗೋಡೆ ಹಿಡಿದಳು. ಈಗ ಬೇಡ, ನಾಳೆ ಹೇಳುತ್ತೇನೆ ಅಂದುಕೊಂಡೆ.

ಮೇ 17, ಶುಕ್ರವಾರ. ಸಂಜೆ

ಪುಸ್ತಕ ವಾಪಸ್ ಕೊಟ್ಟು ಬರುತ್ತೇನೆಂದು ಹೇಳಿ ಲೈಬ್ರರಿಗೆ ಹೋಗಿ ಮಧ್ಯಾಹ್ನದವರೆಗೆ ಓದಿದೆ. ಬಂದರೆ ಅರ್ಧ ಬೀರು ಸೂಟ್‌ಕೇಸ್ ಸೇರಿದೆ. ಚಳಿಗಾಲದ ಕೋಟು, ಬೂಟು, ಹೊದಿಕೆ. ಮೇಜಿನ ಮುಂದೆ ನಿಂತಿದ್ದಾಳೆ, ಕೈಯಲ್ಲಿ ನನ್ನ ಕೆಮಿಸ್ಟ್ರಿ ನೋಟ್ಸ್.

"ಇವು ಇನ್ನು ಬೇಡ ಅಲ್ವಾ? ಭಾರ. ರದ್ದಿಗೆ ಹಾಕಲಾ?"

ಬಾಯಿ ತೆರೆದೆ. ದೇವರಾಣೆ, ತೆರೆದೆ.

"ಇರಲಿ ಯಮ್ಮಾ. ನೆನಪಿಗೆ."

"ಕಾಗದದ ಮೇಲೆ ಇಷ್ಟು ಪ್ರೀತಿನಾ?" ಅಂತ ನಕ್ಕು ಕೋಟಿನ ಕೆಳಗೆ ಇಟ್ಟಳು.

ಆ ಸೂಟ್‌ಕೇಸ್ ನೋಡುತ್ತಾ ಕೂತಿದ್ದೇನೆ. ಸುಳ್ಳು ಹೇಳುವುದಕ್ಕೆ ಇಷ್ಟು ದಣಿವಾಗುತ್ತದೆಂದು ಗೊತ್ತಿರಲಿಲ್ಲ. ಇಡೀ ದಿನ ಟ್ರೇ ಹೊತ್ತರೂ ಇಷ್ಟಾಗುವುದಿಲ್ಲ. ಅಡುಗೆಮನೆಯಲ್ಲಿ ಯಮ್ಮಾ ಲೊರೇನಾಗೆ ರೊಟ್ಟಿ ತಟ್ಟುವುದು ಕಲಿಸುತ್ತಿದ್ದಾಳೆ, ಇವಳದು ಅರಬ್ಬಿ, ಅವಳದು ಸ್ಪ್ಯಾನಿಷ್. ಇಬ್ಬರೂ ಜೋರಾಗಿ ನಗುತ್ತಿದ್ದಾರೆ.

ಮೇ 19, ಭಾನುವಾರ. ಬೆಳಿಗ್ಗೆ

ನಿನ್ನೆಯದು ಬರೆಯಬೇಕು. ಎಲ್ಲವನ್ನೂ.

ಸಮಾರಂಭ ಚೆನ್ನಾಗಿಯೇ ಆಯಿತು. ಕಫ್ತಾನಿನ ಮೇಲೆ ನೇರಳೆ ಪಟ್ಟಿ. ಹೆಸರು ಕರೆದರು, ಹತ್ತಿದೆ, ಕೈ ಕುಲುಕಿದರು, ಇಳಿದೆ. ಐದನೇ ಸಾಲಿನಿಂದ ಯಮ್ಮಾ ಹಾಕಿದ ಉಲ್ಲಾಸದ ಕೂಗಿಗೆ — ಊರ ಮದುವೆಯಲ್ಲಿ ಹೆಂಗಸರು ನಾಲಿಗೆ ಕುಣಿಸಿ ಹಾಕುತ್ತಾರಲ್ಲ, ಅದು — ಇಡೀ ಸಭೆ ತಿರುಗಿತು, ಆಮೇಲೆ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲಿದ್ದ ಕೆಮಿಸ್ಟ್ರಿ ಮೇಷ್ಟ್ರೂ ತಟ್ಟಿದರು. ಜನವರಿಯಲ್ಲಿ ನಾಲ್ಕೂವರೆ ಕೊಟ್ಟ ಅದೇ ಕೈ.

ಆಮೇಲೆ ಊಟ. ಲೊರೇನಾ ಮನೆಯವರು ಕರೆದಿದ್ದರು: ಮನೋಲಿ, ಅವರ ಗಂಡ, ಒಬ್ಬಳು ಅಜ್ಜಿ. ಮನೋಲಿಯನ್ನು ನೋಡಿದರೆ ಸಂತೆಯೇ ಎದ್ದು ಬಂದ ಹಾಗೆ. ವೇಟರನ್ನು ಹಿಡಿದು ನಿಲ್ಲಿಸಿ, "ಇವರಿಗೆ ಹಂದಿ ಆಗಲ್ಲಪ್ಪಾ, ತಿಳೀತಾ?" ಅಂದರು. ಅವನು, "ಹಂದಿ ಎಲ್ಲಿದೆ ತಾಯಿ? ಅವರೆಕಾಳಿಗೆ ಸ್ವಲ್ಪ ಹ್ಯಾಮ್ ಹಾಕಿರ್ತೀವಿ, ಅಷ್ಟೇ." "ಹ್ಯಾಮ್ ಏನು ಮರದಲ್ಲಿ ಬಿಡುತ್ತಾ, ಪೆದ್ದೇ!" ಕೊನೆಗೆ ಬದನೆಕಾಯಿ ಬಜ್ಜಿ ಬಂತು, ಮೇಲೆ ಜೋನಿಬೆಲ್ಲ. ಮೀನು ಬಂತು.

ಇಬ್ಬರು ಅಮ್ಮಂದಿರು ಎದುರುಬದುರು. ಮಧ್ಯದಲ್ಲಿ ನಾನು, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ. ಬೇಳೆಗೆ ಯಮ್ಮಾ ಥ್ಯಾಂಕ್ಸ್ ಹೇಳಿದಳು, ಹೇಳಿದೆ. ಮಿಠಾಯಿ ಹೇಗೆ ಮಾಡೋದು ಅಂತ ಮನೋಲಿ ಕೇಳಿದರು, ಕೇಳಿದೆ. ಊಟ ಮಾಡಲು ಪುರುಸೊತ್ತಿಲ್ಲ.

ಆಗ ಮನೋಲಿ ಯಮ್ಮಾಳ ಕೈ ಮೇಲೆ ಕೈ ಇಟ್ಟು ಅಂದರು: "ಅಕ್ಕಾ, ನಮ್ಮ ನಮ್ಮ ಹುಡುಗೀರಿಗೆ ಹಬ್ಬ ಆಯ್ತು. ಇನ್ನು ಜೂನ್‌ನಲ್ಲಿ ಇವಳದು ಒಂದು, ನಮ್ಮವಳದು ಎರಡು ಪಾಸಾಗಿಬಿಟ್ರೆ ನಾವು ಗೆದ್ವಿ. ಜೂನ್ ಇಲ್ದಿದ್ರೆ ಜುಲೈ. ತಲೆ ಕೆಡಿಸ್ಕೋಬೇಡಿ."

ನನ್ನ ಕಡೆ ನೋಡಿದರು, ಹೇಳು ಅಂತ. ಯಮ್ಮಾಳೂ ನೋಡಿದಳು.

ಏನು ಬೇಕಾದರೂ ಹೇಳಬಹುದಿತ್ತು. ನೀನು ಹೊಲಿದ ಕಫ್ತಾನು ಚೆನ್ನಾಗಿದೆಯಂತೆ ಅಂದಿದ್ದರೂ ಮುಗಿಯುತ್ತಿತ್ತು. ಆ ಮೇಜಿನಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ನನಗೊಬ್ಬಳಿಗೇ. ಆದರೆ ಸಾಕಾಗಿತ್ತು. ಇಷ್ಟು ದಿನ ಬಾಯಿಗೆ ಬಾರದ ಮಾತನ್ನು ಬೇರೆಯವರೇ ಆಡಿ ಕೊಟ್ಟಿದ್ದರು, ದಾಟಿಸುವುದಷ್ಟೇ ಉಳಿದಿತ್ತು. ದಾಟಿಸಿದೆ. ಒಂದು ಅಕ್ಷರ ಬಿಡದೆ, ಒಂದು ಸೇರಿಸದೆ. ಇವಳದು ಒಂದು ಬಾಕಿ. ಜೂನ್ ಇಲ್ಲದಿದ್ದರೆ ಜುಲೈ.

ಯಮ್ಮಾ ಬಾಯಲ್ಲಿದ್ದ ತುತ್ತು ನಿಧಾನವಾಗಿ ಅಗಿದು ನುಂಗಿದಳು. ನನ್ನನ್ನು ನೋಡಲಿಲ್ಲ.

"ಕೇಳು ಇವರನ್ನ," ಅಂದಳು. "ನಿಮ್ಮ ಮಗಳು ನಿಮಗೆ ಮೊದಲೇ ಹೇಳಿದ್ಲಾ, ಬಾಕಿ ಇದೆ ಅಂತ?"

ಕೇಳಿದೆ.

ಮನೋಲಿ ಜೋರಾಗಿ ನಕ್ಕರು. "ಹೇಳ್ದೆ ಏನು! ಫೇಲಾದ ದಿನವೇ ಫೋನ್ ಮಾಡಿ ಗೊಳೋ ಅಂತ ಅಳ್ತಾಳೆ. ನಾನು ಆಲಿವ್ ಆರಿಸ್ತಾ ಇರ್ತೀನಿ, ಮರದ ಕೆಳಗೆ ಕೂತು ಒಂದು ಗಂಟೆ ಇವಳ ಅಳು ಕೇಳೋದು. ಆಮೇಲೆ ಬೈದು ಇಡ್ತೀನಿ."

ಅದನ್ನೂ ಹೇಳಿದೆ. ಅಳು, ಮರ, ಒಂದು ಗಂಟೆ — ಎಲ್ಲ.

ಯಮ್ಮಾ ತಲೆಯಾಡಿಸಿದಳು. ನ್ಯಾಪ್‌ಕಿನ್ ಮಡಚಿದಳು.

"ಅವರಿಗೆ ಹೇಳು," ಅಂದಳು. "ನೀವು ಅದೃಷ್ಟವಂತರು ಅಂತ."

ಹೇಳಿದೆ. ಮನೋಲಿಗೆ ಅರ್ಥವಾಗಲಿಲ್ಲ. "ಫೇಲಾಗೋ ಮಗಳಿರೋದು ಅದೃಷ್ಟನಾ? ಹಾಗಾದ್ರೆ ಕರ್ಕೊಂಡು ಹೋಗಿ, ಬಿಟ್ಟಿ!" ಎಲ್ಲರೂ ನಕ್ಕರು. ಯಮ್ಮಾಳೂ ನಕ್ಕಳು, ಸಭ್ಯತೆಗೆ. ಮೇಜಿನ ಕೆಳಗೆ ಅವಳ ಕೈ ಹುಡುಕಿದೆ. ಕೊಡಲಿಲ್ಲ. ಕಸಿದುಕೊಳ್ಳಲೂ ಇಲ್ಲ, ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದಳು.

ಈಗ ಅಡುಗೆಮನೆಯಲ್ಲಿದ್ದಾಳೆ. ಪಾತ್ರೆಗಳ ಸದ್ದು ಮಾತ್ರ.

ಮೇ 19, ಸಂಜೆ

ಬಾಗಿಲಲ್ಲಿ ನಿಂತು ಕೇಳಿದಳು: "ಎಷ್ಟು ಸಲ ಫೇಲಾದೆ?"

"ನಾಲ್ಕು."

"ನಾಲ್ಕು ಸಲವೂ ಒಬ್ಬಳೇ ಅತ್ತೆಯಾ?"

ಬಂದು ಸೂಟ್‌ಕೇಸ್ ತೆರೆದು ಕೋಟು ತೆಗೆದಳು, ಬೂಟು ತೆಗೆದಳು. ನೋಟ್ಸ್ ತೆಗೆದು ಮೇಜಿನ ಮೇಲೆ ಇಟ್ಟಳು, ಅಂಚು ಸರಿಮಾಡಿ. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ 20, ಸೋಮವಾರ

ಒಬ್ಬಳೇ ಹೋದಳು. ಖಾಲಿ ಸೂಟ್‌ಕೇಸ್ ಸಮೇತ.

ಬಸ್ಸಿನ ಮೆಟ್ಟಿಲ ಮೇಲೆ ಹೇಳಿದೆ, "ಕ್ಷಮಿಸು ಯಮ್ಮಾ. ನಿಮಗೆಲ್ಲ ಬೇಜಾರಾಗುತ್ತೆ ಅಂತ..."

"ಬೇಜಾರಾಗೋದು ನನ್ನ ಕೆಲಸ. ಅದನ್ನ ನೀನು ಯಾಕೆ ಕಿತ್ಕೊಂಡೆ?" ಅಂದಳು. "ಅಪ್ಪನಿಗೆ ನಾನು ಹೇಳ್ತೀನಿ. ನೀನು ಓದ್ಕೋ. ಪಾಸಾದ್ರೆ ನಿಧಾನಕ್ಕೆ ಫೋನ್ ಮಾಡು. ಊಟ ಮಾಡಿ, ನಿದ್ದೆ ಮಾಡಿ, ಆಮೇಲೆ. ಫೇಲಾದ್ರೆ ಆ ಕ್ಷಣವೇ ಮಾಡು. ಎಲ್ಲಿದ್ದೀಯೋ ಅಲ್ಲಿಂದಲೇ."

ಡ್ರೈವರ್ ಹಾರ್ನ್ ಹೊಡೆದ. ಕಿಟಕಿಯಿಂದ ಕೈ ಬೀಸಲಿಲ್ಲ. ನೋಡುತ್ತಲೇ ಇದ್ದಳು.

ಜೂನ್ 12, ಬುಧವಾರ

ಬರೆದೆ. ಮೂರು ಪ್ರಶ್ನೆ ಸರಿ, ಒಂದು ಅರ್ಧ, ಐದನೆಯದು ದೇವರಿಗೇ ಗೊತ್ತು. ಬಿಸಿಲು ನಲವತ್ತರ ಹತ್ತಿರ. ಗುಡ್ಡ ಇಳಿದು ಬಂದು ಸಂಜೆವರೆಗೆ ನಿದ್ದೆ. ಊಟ ಬೇಡವೆನಿಸಿತು, ಲೊರೇನಾ ಬಿಡಲಿಲ್ಲ.

ಜೂನ್ 21, ಶುಕ್ರವಾರ. ಬೆಳಿಗ್ಗೆ ಹನ್ನೊಂದು

ಫಲಿತಾಂಶ ಬಂತು. ಕಾಲೇಜಿನ ಮೆಟ್ಟಿಲ ಮೇಲೇ ಕೂತಿದ್ದೇನೆ. ಲೊರೇನಾ ಒಳಗೆ ಕಿರುಚುತ್ತಿದ್ದಾಳೆ, ಎರಡೂ ಪಾಸು. ಅವಳಿಗೆ ಸಂತೋಷವಾಗಲಿ, ನಿಜಕ್ಕೂ.

ಕಣ್ಣೀರು ಬರುತ್ತಿದೆ, ಈ ಸಲ ತಡೆಯುತ್ತಿಲ್ಲ. ಬಸ್ಸಿಗೆ ಕಾಯುವುದಿಲ್ಲ, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದೂ ಇಲ್ಲ. ಇದು ನಿಧಾನಕ್ಕೆ ಮಾಡುವ ಫೋನ್ ಅಲ್ಲ. ರಿಂಗ್ ಆಗುತ್ತಿದೆ. ಎತ್ತಿದಳು —