ಸಹಿ ಹಾಕುವವನು ಮೊದಲು ಹತ್ತಬೇಕು

೩ ಫೆಬ್ರವರಿ, ಭಾನುವಾರ ಬೆಳಿಗ್ಗೆ

ಗೆಳೆಯ ಗುಬ್ಬಿ,

ನಿನ್ನ ಎರಡು ಕಾಗದ ಬಂದು ತಿಂಗಳಾಯ್ತು. ಸೋಮಾರಿತನ ಅಂದ್ಕೋಬೇಡ, ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ಬೈಯೋದಿದ್ರೆ ಬೈಯಿ. ಬೈಸಿಕೊಳ್ಳೋಕೆ ನಿನ್ನ ಬಿಟ್ರೆ ನನಗಾದ್ರೂ ಯಾರಿದ್ದಾರೆ?

ನಿನ್ನ ಅತ್ತಿಗೆ ಈಗ ಗಟ್ಟಿಮುಟ್ಟಾಗಿದ್ದಾಳೆ. ಹೋದ ವರ್ಷ ಹೃದಯದ ಆಪರೇಷನ್ ಆದವಳು ಇವಳೇನಾ ಅನ್ನೋ ಹಾಗೆ ನನ್ನನ್ನ ಮನೆತುಂಬ ಓಡಾಡಿಸ್ತಾಳೆ. ಆ ದಿನ ನೀನು ಬೆಳಿಗ್ಗೆ ಏಳರಿಂದ ದೀಪ ಹಚ್ಚೋ ಹೊತ್ತಿನವರೆಗೆ ಆಸ್ಪತ್ರೆ ಬೆಂಚಿನ ಮೇಲೆ ನನ್ನ ಪಕ್ಕ ಬಿಟ್ಟು ಅಲುಗಾಡಲಿಲ್ಲ ಅನ್ನೋದನ್ನ ಈಗಲೂ ಬಂದವರಿಗೆಲ್ಲ ಹೇಳ್ತಾಳೆ. "ಒಡಹುಟ್ಟಿದವರು ಫೋನ್ ಮಾಡಿದ್ರು, ಗುಬ್ಬಿ ಬಂದು ಕೂತ" ಅಂತಾಳೆ.

ಈಗ ನನ್ನ ಪ್ರತಾಪ ಕೇಳು. ಲಿಫ್ಟ್ ಪರೀಕ್ಷೆ ಮಾಡೋ ಈ ಕೆಲಸಕ್ಕೆ ನಾವಿಬ್ಬರೂ ಒಂದೇ ದಿನ ಸೇರಿ ಮೂವತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ನಾನು ಸಹಿ ಹಾಕಿದ ಒಂದು ಲಿಫ್ಟಿನಲ್ಲೂ ಒಬ್ಬರ ಕಿರುಬೆರಳೂ ಜಜ್ಜಿಲ್ಲ. ಹೌದು, ಜಂಬ ಕೊಚ್ಚಿಕೊಳ್ತಿದ್ದೀನಿ. ಕೊಚ್ಚಿಕೊಳ್ಳೋಕೆ ನನ್ನ ಹತ್ರ ಇರೋದು ಇದೊಂದೇ.

ಹೋದ ತಿಂಗಳು ಒಂದು ಏಳು ಮಹಡಿ ಕಟ್ಟಡಕ್ಕೆ ಹೋಗಿದ್ದೆ. ಕೆಳಗೆ ಕಣ್ಣಿನ ಡಾಕ್ಟರು, ತುದಿಯಲ್ಲಿ ಟ್ಯೂಷನ್ ಕ್ಲಾಸು. ಎಂಟು ಜನರ ಲಿಫ್ಟಿನಲ್ಲಿ ಹನ್ನೆರಡು ಮಕ್ಕಳು ಬ್ಯಾಗ್ ಸಮೇತ ತುಂಬ್ಕೊಳ್ತಾರೆ. ಕೆಳಗಿನ ಗುಂಡಿಗೆ ಇಳಿಯೋಕೆ ನೀನಿರಬೇಕಿತ್ತು, ಗುಬ್ಬಿ ಹಾಗೆ ತೂರ್ಕೊಳ್ತಿದ್ದೆ. ನನಗೆ ಸೊಂಟ ಹಿಡ್ಕೊಂಡಿತು. ಟಾರ್ಚ್ ಹಾಕಿ ನೋಡ್ತೀನಿ, ಏನಂತೀಯಾ! ಹಗ್ಗ ಕಿತ್ತುಹೋದ್ರೆ ಕಂಬಿಯನ್ನ ಗಬಕ್ಕನೆ ಕಚ್ಚಿ ಹಿಡಿಯೋ ಹಲ್ಲಿರುತ್ತಲ್ಲ, ಅದನ್ನೇ ತಂತಿ ಸುತ್ತಿ ಕಟ್ಟಿಹಾಕಿದ್ರು! ಯಾಕ್ರಯ್ಯಾ ಅಂದ್ರೆ, "ಪದೇಪದೇ ಕಚ್ಕೊಂಡು ನಿಂತುಬಿಡ್ತಿತ್ತು ಸಾರ್, ಜನ ಬೈತಿದ್ರು" ಅಂದ ವಾಚ್‌ಮನ್. ತುಕ್ಕು ನೋಡಿದ್ರೆ ತಂತಿ ಎರಡು ಮೂರು ವರ್ಷ ಹಳೇದು.

ಕಟ್ಟಡದ ಯಜಮಾನ ಬಂದ, ಮುಖದ ತುಂಬ ನಗು. "ಹೋದ ವರ್ಷ ಇಷ್ಟೆಲ್ಲ ನೋಡಲೇ ಇಲ್ಲ. ಫಾರಂ ಕಳಿಸಿದ್ವಿ, ಸಹಿಯಾಗಿ ಬಂತು" ಅಂದ. ಆಮೇಲೆ ದನಿ ಇಳಿಸಿ, "ಮುಂದಿನ ವರ್ಷ ನಿಮ್ಮ ನಿವೃತ್ತಿ ಅಂತಲ್ಲ. ನಮ್ಮ ಕಟ್ಟಡಗಳಿಗೆಲ್ಲ ಒಬ್ಬ ಸಲಹೆಗಾರರು ಬೇಕು. ವಾರಕ್ಕೊಂದು ದಿನ ಬಂದು ಕಾಫಿ ಕುಡಿದು ಹೋದ್ರೂ ಸಾಕು" ಅಂದ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ನಮಗೆ ಕೆಲಸ ಕಲಿಸಿದ ಪುಣ್ಯಾತ್ಮ ಹಗ್ಗದಜ್ಜ ನೆನಪಾದರು. "ಸಹಿ ಹಾಕುವವನು ಮೊದಲು ಹತ್ತಬೇಕು, ಯಜಮಾನನನ್ನೂ ಪಕ್ಕದಲ್ಲಿ ಹತ್ತಿಸ್ಕೋಬೇಕು" ಅಂತ ಬಡ್ಕೊಳ್ತಿದ್ರಲ್ಲ.

"ಆಗಲಿ ಯಜಮಾನ್ರೇ, ಎಂಟು ಜನರ ತೂಕಕ್ಕೆ ಲಿಫ್ಟಿನಲ್ಲಿ ಮರಳಿನ ಮೂಟೆ ತುಂಬಿಸ್ತೀನಿ. ನಾವಿಬ್ರೂ ಏಳನೇ ಮಹಡಿಗೆ ಹೋಗಿ ಬರೋಣ. ಬಂದ ತಕ್ಷಣ ಸಹಿ" ಅಂದೆ.

ಅವನ ಮುಖ ನೋಡಬೇಕಿತ್ತು ನೀನು! "ಡಾಕ್ಟರು ನನಗೆ ಮೆಟ್ಟಿಲೇ ಹತ್ತಬೇಕು ಅಂದಿದ್ದಾರೆ" ಅಂತ ಆ ಡೊಳ್ಳುಹೊಟ್ಟೆ ಹೊತ್ಕೊಂಡು ಮೆಟ್ಟಿಲ ಕಡೆ ಹೊರಟೇಬಿಟ್ಟ. ಅವನೇನಾದ್ರೂ ಹೂಂ ಅಂದಿದ್ರೆ ನನ್ನ ಗತಿ ಏನಾಗ್ತಿತ್ತೋ, ದೇವರೇ ಬಲ್ಲ. ಲಿಫ್ಟಿಗೆ ಬೀಗಮುದ್ರೆ ಹಾಕಿ ಬಂದು ವರದಿ ಬರೆದುಕೊಟ್ಟೆ.

ಆಫೀಸಿನಲ್ಲಿ ಮೇಲಿನವರು ಕರೆಸಿ, "ಎಲ್ಲರ ಹಾಗೆ ಬಾಳೋದು ಕಲಿಯಯ್ಯಾ, ವರದಿ ವಾಪಸ್ ತಗೋ" ಅಂದ್ರು. ತಗೊಳ್ಳಲಿಲ್ಲ. ಅದು ಆಗಲೇ ದಾಖಲಾಗಿತ್ತು, ನುಂಗೋಕೆ ಯಾರಿಂದಲೂ ಆಗಲಿಲ್ಲ. ಈಗ ನನ್ನ ಕುರ್ಚಿ ಹಳೇ ಕಡತಗಳ ಕೋಣೆಯಲ್ಲಿ, ಜಿರಳೆಗಳ ಜೊತೆ. "ಅವಕ್ಕೂ ನಿಯಮ ಕಲಿಸ್ತಿದ್ದೀರಾ?" ಅಂತ ನಿನ್ನ ಅತ್ತಿಗೆ ಛೇಡಿಸ್ತಾಳೆ. ಆದ್ರೆ ಪಕ್ಕದ ಮನೆಯವರಿಗೆ ಇದೇ ಕಥೆಯನ್ನ ಒಂದಕ್ಕೆ ನಾಲ್ಕು ಸೇರಿಸಿ ಹೇಳೋದನ್ನ ನಾನೇ ಕೇಳಿಸ್ಕೊಂಡಿದ್ದೀನಿ.

ಮೊನ್ನೆ ಅದೇ ಬೀದಿಯಲ್ಲಿ ಬರ್ತಿದ್ದೆ. ಟ್ಯೂಷನ್ ಬಿಟ್ಟಿತ್ತು, ಮಕ್ಕಳು ಮೆಟ್ಟಿಲಿಳಿದು ಏದುಸಿರು ಬಿಡ್ತಾ ಬಂದ್ರು. "ಲಿಫ್ಟ್ ಮುಚ್ಚಿಸಿದ ಅಂಕಲ್ ಇವರೇ ಕಣೇ" ಅಂತ ಒಬ್ಬಳು ನನ್ನನ್ನ ಕೆಕ್ಕರಿಸಿ ನೋಡಿದಳು. ಬೈಯಮ್ಮಾ ತಾಯಿ, ಹೊಟ್ಟೆ ತುಂಬ ಬೈಯಿ ಅಂದ್ಕೊಂಡೆ. ಆವತ್ತು ರಾಜನ ಹಾಗೆ ಮನೆಗೆ ನಡೆದೆ.

ನಿನ್ನ ಮೊಮ್ಮಗಳು ಹೆಜ್ಜೆ ಇಡ್ತಿದ್ದಾಳಂತಲ್ಲ, ಆ ಪುಟ್ಟ ಕಾಲಿಗೆ ಒಂದು ಮುಳ್ಳೂ ಚುಚ್ಚದಿರಲಿ. ಮನೆಯವರಿಗೆಲ್ಲ ನಮ್ಮಿಬ್ಬರ ಹಾರೈಕೆ. ನೂರು ವರ್ಷ ಬಾಳು.

ನಿನ್ನ
ಮೊಂಡ

ಇನ್ನೊಂದು ಮಾತು. ಮರೆತಿದ್ದಲ್ಲ, ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಕೊಂಡು ಬಂದೆ. ಆ ಕಟ್ಟಡ ನಿನ್ನ ಹಳೇ ವಲಯದ್ದು. ನಿನಗೆ ಬಡ್ತಿಯಾದ ಮೇಲೆ ನನ್ನ ಪಾಲಿಗೆ ಬಂತು. ಲಿಫ್ಟಿನೊಳಗೆ ಗಾಜಿನ ಹಿಂದೆ ಹೋದ ವರ್ಷದ ಪ್ರಮಾಣಪತ್ರ ಇತ್ತು. "ಖುದ್ದಾಗಿ ಪರೀಕ್ಷಿಸಿದ್ದೇನೆ" ಅನ್ನೋ ಸಾಲಿನ ಕೆಳಗೆ ನಿನ್ನ ಸಹಿ. ತಾರೀಖು ಮಾರ್ಚ್ ಹದಿನಾಲ್ಕು. ನಿನ್ನ ಅತ್ತಿಗೆಗೆ ಆಪರೇಷನ್ ಆದ ದಿನ.

ಹಳೇ ಪ್ರಮಾಣಪತ್ರ ಲಗತ್ತಿಸದೆ ವರದಿ ಪೂರ್ತಿಯಾಗಲ್ಲ, ನಿನಗೂ ಗೊತ್ತು. ಲಗತ್ತಿಸಿದೆ. ಇದರ ವಿಚಾರಣೆ ಇದೇ ಹನ್ನೊಂದನೇ ತಾರೀಖು. ಅದಕ್ಕೆ ಮುಂಚೆ ನೀನೇ ಹೋಗಿ ಒಪ್ಕೊಂಡುಬಿಡು ಗುಬ್ಬಿ, ನಿನ್ನ ಕಾಲು ಹಿಡ್ಕೊಳ್ತೀನಿ. ಇಲ್ಲದಿದ್ರೆ ನನ್ನನ್ನ ಸಾಕ್ಷಿಗೆ ಕರೀತಾರೆ. ಆ ದಿನ ಇವರು ಎಲ್ಲಿದ್ರು ಅಂತ ಕೇಳ್ತಾರೆ. ನನ್ನ ಪಕ್ಕದಲ್ಲಿದ್ದ, ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಕೈ ಹಿಡ್ಕೊಂಡೇ ಕೂತಿದ್ದ ಅಂತಲೇ ಹೇಳ್ತೀನಿ.