ಸುಮ್ಮ ಕುಂತವರ ಹೊರೆ

ಬೆಟಗೇರಿ,
ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರಾ ತೊಂಬತ್ತಮೂರು.

ಪಟ್ಟಿ ಹಿಡಿದು ಮನೆಮನೆಯ ಬಾಗಿಲು ತಟ್ಟುವ ನನ್ನ ಹಿಂದಿನವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರುವರಿಗೆ ಮೂವತ್ತನೇ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಸರ್ವೆಯ ಅನುಕೂಲಕ್ಕಾಗಿ ವರ್ಷವನ್ನೇ ಇಸ್ತ್ರಿ ಮಾಡಿದರು. ಪ್ರತಿ ಮೂರು ತಿಂಗಳಿಗೂ ಸರಿಯಾಗಿ ಹದಿಮೂರು ವಾರ ಬರಬೇಕೆಂದು ಅಲ್ಲೊಂದು ದಿನ ಕಿತ್ತು ಇಲ್ಲೊಂದು ದಿನ ಹೊಲಿದರು. ಹಬ್ಬಗಳು ಹಿಂದೆ ಮುಂದೆ ಆದವು, ಯಾರೂ ಕೇಳಲಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ಹಿಂದಕ್ಕೆ ಟಪಾಲು ಹೋಗುವುದಿಲ್ಲವೆಂಬುದೂ ಗೊತ್ತು. ಆದರೂ ಬರೆಯುತ್ತೇನೆ. ಮೂವತ್ತೊಂದು ವರ್ಷ ಬೇರೆಯವರ ಉತ್ತರ ಬರೆದ ಕೈ ಇದು, ಒಮ್ಮೆ ತನ್ನದನ್ನೂ ಬರೆಯಲಿ.

ನನ್ನ ಹೆಸರು ನಾಗಲಾಂಬಿಕೆ ಬಳಿಗಾರ. ಕೇಳ್ಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಾರು ದುಡಿಯುತ್ತಾರೆ, ಯಾರು ದುಡಿಯುವುದಿಲ್ಲ ಎಂದು ದೇಶವಿಡೀ ಕೇಳಿಕೊಂಡು ಬರುವ ಕಚೇರಿಯನ್ನು ನಾವು ಹಾಗೆ ಕರೆಯುತ್ತೇವೆ. ಎಲ್ಲರನ್ನೂ ಎಣಿಸುವ ಪದ್ಧತಿ ನಿಂತು ಎಪ್ಪತ್ತು ವರ್ಷ ದಾಟಿತು. ಈಗ ಎಲ್ಲವೂ ಚೀಟಿಯ ಮೇಲೆ. ಊರನ್ನು ತುಂಡು ಮಾಡುತ್ತಾರೆ, ಕೆಲವು ತುಂಡುಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಆರಿಸಿದ ತುಂಡಿನ ಮನೆಗಳನ್ನೆಲ್ಲ ನಾವು ನಡೆದು ಪಟ್ಟಿ ಮಾಡುತ್ತೇವೆ. ಓದಿದವರು ಎಷ್ಟು ಮಂದಿ ಎಂದು ನೋಡಿ ಮನೆಗಳನ್ನು ಪದರ ಪದರವಾಗಿ ಜೋಡಿಸಿ, ಒಂದೊಂದು ಪದರದಿಂದ ಒಂದೆರಡು ಮನೆ ಎತ್ತುತ್ತಾರೆ. ಹಾಗೆ ಚೀಟಿ ಬಿದ್ದ ಮನೆಗೆ ‘ನಿಂತ ಮನೆ’ ಎನ್ನುತ್ತೇವೆ, ಉಳಿದ ಮನೆಗಳ ಪರವಾಗಿ ನಿಂತದ್ದು ಎಂಬ ಅರ್ಥದಲ್ಲಿ. ಎಷ್ಟು ಮನೆಗಳ ಪರವಾಗಿ ನಿಂತಿದೆಯೋ ಆ ಸಂಖ್ಯೆಗೆ ‘ಹೊರೆ’ ಎನ್ನುತ್ತೇವೆ. ನಮ್ಮ ಬೆಟಗೇರಿಯಲ್ಲಿ ಎಂಟು ಮನೆಗಳು ನಿಲ್ಲುತ್ತಿದ್ದವು, ಒಂದೊಂದಕ್ಕೂ ಎರಡು ಸಾವಿರದ ನೂರಾ ಅರವತ್ತು ಹೊರೆ. ಆ ಎಂಟು ಮನೆಯವರು ಏನು ಹೇಳಿದರೋ ಅದು ಊರು ಹೇಳಿದ ಹಾಗೆ. ಉಳಿದವರು ಬಾಯಿ ಬಡಿದುಕೊಂಡರೂ ಅದು ಲೆಕ್ಕಕ್ಕಿಲ್ಲ.

ನಾನು ಹೇಳಬೇಕಾದದ್ದು ಅದರಲ್ಲಿ ಒಂದು ಮನೆಯ ಮಾತು. ನೇಕಾರ ಓಣಿಯ ರೇಣವ್ವ ಕೊಪ್ಪಳರ ಮನೆ. ಅದಕ್ಕೆ ಮೊದಲು ನಮ್ಮ ನೀರಿನ ಸಂಗತಿ ಹೇಳಬೇಕು. ಕಪ್ಪತಗುಡ್ಡದ ಮೇಲೆ ಮೈಲುಗಟ್ಟಲೆ ಬಲೆ ಕಟ್ಟಿದ್ದಾರೆ. ಬೆಳಗಿನ ಮಂಜು ಅದಕ್ಕೆ ತಗುಲಿ ಹನಿಯಾಗಿ ಇಳಿಯುತ್ತದೆ, ಅದೇ ನಮ್ಮ ಕುಡಿಯುವ ನೀರು. ಮಂಜಿನ ಜೊತೆ ಗಾಳಿಯ ಧೂಳೂ ಬಂದು ಬಲೆಯ ಕಣ್ಣುಗಳಿಗೆ ಮೆತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ಬಲೆಗಳನ್ನು ಬಿಚ್ಚಿ, ಗಾಡಿಗಳಲ್ಲಿ ಹೇರಿ ನಮ್ಮ ಓಣಿಗಳಿಗೆ ತಂದು ಸುರಿಯುತ್ತಾರೆ. ಹೆಂಗಸರು ಅವನ್ನು ಅಂಗಳದಲ್ಲಿ ಹರವಿ ಹಣಿಗೆಯಿಂದ ಬಾಚುತ್ತಾರೆ. ಹಣಿಗೆ ಎಂದರೆ ಹಳೆಯ ಮಗ್ಗಗಳ ಹಲ್ಲುಪಟ್ಟಿ. ನೇಯ್ಗೆ ಹೋಯಿತು, ಹಣಿಗೆ ಉಳಿಯಿತು, ಅದರ ಹಲ್ಲು ಬಲೆಯ ಕಣ್ಣಿಗೆ ಸರಿಯಾಗಿ ಕೂರುತ್ತದೆ. ಒಂದು ಬಲೆ ಬಾಚಿದರೆ ಮನೆಗೆ ಒಂದು ಕೊಡ ನೀರು ಹೆಚ್ಚಿಗೆ. ಒಲೆಯ ಮೇಲೆ ಪಲ್ಯ ಇಟ್ಟು ಬಾಚುತ್ತಾರೆ, ಕೂಸಿಗೆ ಹಾಲು ಕೊಡುತ್ತ ಬಾಚುತ್ತಾರೆ, ದಿನಕ್ಕೆ ನಾಲ್ಕು ತಾಸು, ಐದು ತಾಸು. ಧೂಳು ಬಲೆ ಬಿಟ್ಟು ಎದೆ ಸೇರುತ್ತದೆ. ನಲವತ್ತು ದಾಟಿದ ಹೆಂಗಸರೆಲ್ಲ ಕೆಮ್ಮುತ್ತಾರೆ. ಆ ಕೆಮ್ಮಿಗೆ ಒಂದೇ ಮದ್ದು ಉಸಿರುಮನೆ, ಅಂದರೆ ಎದೆ ತೊಳೆಯುವ ಆಸ್ಪತ್ರೆ. ಧೂಳಿನ ಕೆಲಸ ಮಾಡುವವರು ಇಷ್ಟು ಮಂದಿ ಇದ್ದಾರೆಂದು ಸರ್ವೆಯ ಕೋಷ್ಟಕ ಹೇಳಿದ ಊರಿಗೆ ಅದನ್ನು ಕೊಡುತ್ತಾರೆ.

ರೇಣವ್ವನ ಮನೆಗೆ ನಾನು ಮೊದಲು ಹೋದದ್ದು ಬೆಳಗಿನ ಹತ್ತು ಗಂಟೆಗೆ. ಐವತ್ತರ ಹೆಂಗಸು, ಗಟ್ಟಿ ಮೈ, ಕೈಯಲ್ಲಿ ಹಣಿಗೆ, ಕಾಲ ಮೇಲೆ ಬಲೆ. ನನ್ನನ್ನು ಕಂಡು ಹಣಿಗೆ ಬದಿಗಿಟ್ಟು ಸೆರಗಿನಿಂದ ಕಟ್ಟೆ ಒರೆಸಿದಳು. ಕೈಪಿಡಿಯಲ್ಲಿದ್ದ ಪ್ರಶ್ನೆಯನ್ನು ಒಂದಕ್ಷರ ತಪ್ಪದೆ ಓದಿದೆ: ಕಳೆದ ಏಳು ದಿನಗಳಲ್ಲಿ ನೀವು ಕನಿಷ್ಠ ಒಂದು ಗಂಟೆ ಯಾವುದಾದರೂ ಉದ್ಯೋಗದಲ್ಲಿ ತೊಡಗಿದ್ದಿರಾ? ಅವಳು ನಕ್ಕುಬಿಟ್ಟಳು. ಇಲ್ಲಿಯವರು ಉದ್ಯೋಗ ಎಂಬ ಮಾತನ್ನು ಬೈಯುವುದಕ್ಕಷ್ಟೇ ಬಳಸುತ್ತಾರೆ, ‘ನಿನಗ ಬ್ಯಾರೆ ಉದ್ಯೋಗಿಲ್ಲೇನ’ ಎಂದು. ದೂರದ ನಗರದಲ್ಲಿ ಕೂತು ಪ್ರಶ್ನೆ ಬರೆದ ಮಹಾಶಯರಿಗೆ ಇದು ಗೊತ್ತಿರಲಿಲ್ಲ. ನಗು ಮುಗಿಸಿ ಅವಳು ಹೇಳಿದಳು: “ನಮಗ್ಯಾವ ಉದ್ಯೋಗರಿ ಅಕ್ಕಾರ? ಸುಮ್ಮ ಕುಂತೀನ್ರಿ. ಬರ್ರಿ ಒಳಗ, ಚಾ ಇಡ್ತೀನಿ.”

ಈ ‘ಸುಮ್ಮ ಕುಂತೀನ್ರಿ’ ಎಂಬ ಮಾತು ನಿಮ್ಮ ಕಾಲದಲ್ಲೂ ಇತ್ತಲ್ಲವೇ? ನಮ್ಮ ಕಡೆ ಯಾರಾದರೂ ಬಾಗಿಲಿಗೆ ಬಂದರೆ, ಕೈಯಲ್ಲಿ ಕೆಲಸ ಇದೆ ಎಂದು ಹೇಳುವುದು ಒರಟುತನ. ಹೇಳಿದರೆ ಬಂದವರು ‘ಅಯ್ಯೋ, ಅಡ್ಡ ಬಂದೆವಲ್ಲ’ ಎಂದು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಆದ್ದರಿಂದ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದರೂ ಸುಮ್ಮ ಕುಂತಿದ್ದೆ ಎನ್ನುತ್ತೇವೆ. ಅದು ಬಂದವರಿಗೆ ಇಡುವ ಮಣೆ. ನಾನು ಅದೇ ಊರಿನಲ್ಲಿ ಹುಟ್ಟಿದವಳು, ನನ್ನ ಅವ್ವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದವಳು, ನನಗೆ ಅದರ ಅರ್ಥ ಗೊತ್ತಿರಲಿಲ್ಲವೆಂದು ಹೇಳಿದರೆ ನನ್ನ ನಾಲಗೆ ಸೇದಿ ಹೋಗಲಿ. ಗೊತ್ತಿತ್ತು. ಗೊತ್ತಿದ್ದೂ ತೊಂಬತ್ತೆರಡು ಎಂದು ಬರೆದೆ. ಮನೆಗೆಲಸ ಮಾತ್ರ, ದುಡಿಮೆಯಿಲ್ಲ ಎಂಬುದರ ಸಂಕೇತ ಅದು, ನಿಮ್ಮ ಕಾಲದಿಂದಲೇ ಇಳಿದು ಬಂದ ಸಂಖ್ಯೆ. ದುಡಿಯುತ್ತಾಳೆ ಎಂದು ಬರೆದರೆ ಮುಂದೆ ಮೂವತ್ತೆಂಟು ಪ್ರಶ್ನೆ ಕೇಳಬೇಕಿತ್ತು, ತೊಂಬತ್ತೆರಡು ಬರೆದರೆ ಒಂದೇ. ಬಿಸಿಲು ಏರುತ್ತಿತ್ತು, ಇನ್ನೂ ಮೂರು ಮನೆ ಬಾಕಿ ಇದ್ದವು. ಕೈಪಿಡಿಯೂ ನನ್ನ ಪರವಾಗಿತ್ತು: ಹೇಳಿದ್ದನ್ನು ಬರೆ, ಕೆದಕಬೇಡ.

ಏಳುವಾಗ ಅವಳು ಕೇಳಿದಳು, “ಉಸಿರುಮನಿ ನಮ್ಮೂರಿಗೆ ಬರ್ತೈತೇನ್ರಿ? ಎದಿ ಭಾಳ ಹಿಡದಂಗಾಗತೈತಿ.” ಉತ್ತರಗಳಿಂದ ಏನಾಗುತ್ತದೆ ಎಂದು ನಿಂತ ಮನೆಯವರಿಗೆ ಹೇಳಕೂಡದೆಂಬ ನಿಯಮ. ಹೇಳಿದರೆ ಉತ್ತರ ಬದಲಾಗುತ್ತದಂತೆ. “ಬರ್ತೈತಿ, ಬರ್ತೈತಿ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬಂದೆ.

ಒಂದು ನಿಂತ ಮನೆಗೆ ವರ್ಷದಲ್ಲಿ ನಾಲ್ಕು ಸಲ ಹೋಗಬೇಕು. ಮೂರು ತಿಂಗಳಿಗೊಮ್ಮೆ ಅದೇ ಮನೆ, ಅದೇ ಜನ, ಅದೇ ಪ್ರಶ್ನೆ. ಏನು ಬದಲಾಯಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಎರಡನೇ ಸಲ ಹೋದಾಗ ರೇಣವ್ವ ಮಾತಿನ ನಡುವೆ ಗೋಡೆ ಹಿಡಿಯುತ್ತಿದ್ದಳು. ಮೂರನೇ ಸಲ ಹಣಿಗೆಯ ಒಂದು ತುದಿಯನ್ನು ಸೊಸೆ ಹಿಡಿದಿದ್ದಳು, ಇನ್ನೊಂದು ತುದಿಯನ್ನು ಇವಳು. ಅವಳ ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಆ ದಿನವೂ ಸುಮ್ಮ ಕುಂತೀನ್ರಿ ಎಂದಳು. ನನ್ನಿಂದ ತಡೆಯಲಾಗಲಿಲ್ಲ. ತೊಂಬತ್ತೆರಡು ಬರೆಯದೆ ದುಡಿಯುತ್ತಾಳೆ ಎಂದು ಬರೆದೆ, ಬಲೆ ಬಾಚುವುದು, ವಾರಕ್ಕೆ ಮೂವತ್ತು ಗಂಟೆ. ಮರುದಿನವೇ ಮೇಲ್ವಿಚಾರಕ ಗುರುಪಾದ ಅಂಗಡಿ ನನ್ನನ್ನು ಕರೆಸಿದ. ಕೆಟ್ಟವನಲ್ಲ, ಆದರೆ ಕೋಷ್ಟಕದಲ್ಲಿ ಒಂದು ಮನೆ ಜಿಗಿದರೆ ಅವನಿಗೆ ನಿದ್ದೆ ಬರುವುದಿಲ್ಲ. “ಎರಡು ಸಲ ತೊಂಬತ್ತೆರಡು, ಈಗ ಒಮ್ಮಿಗಿಲೆ ಕೆಲಸ ಎಲ್ಲಿಂದ ಬಂತು? ಆಕಿ ಬಾಯಿಂದ ಬಂದಿದ್ದ ಬರಿಯವ್ವಾ, ನಿನ್ನ ಮನಸಿನ್ಯಾಗಿಂದಲ್ಲ” ಎಂದ. ನಾನು ಪಟ್ಟು ಹಿಡಿದೆ, ನೀವೇ ಬಂದು ನೋಡಿರಿ ಎಂದೆ.

ಬಂದ. ಅದೇ ನನ್ನ ತಪ್ಪು. ನಾನೊಬ್ಬಳೇ ಹೋದಾಗ ಕಟ್ಟೆ ಒರೆಸುತ್ತಿದ್ದವಳು ಸಾಹೇಬರು ಬಂದರೆಂದು ಎದ್ದು ನಿಂತಳು. ಬಲೆಯನ್ನು ಕಾಲಿನಿಂದ ಮೂಲೆಗೆ ದೂಡಿ, ಹಣಿಗೆಯನ್ನು ಬೆನ್ನ ಹಿಂದೆ ಅಡಗಿಸಿದಳು. ನೀವು ಕೆಲಸ ಮಾಡ್ತೀರೇನ್ರಿ ಎಂದು ಅವನು ಕೇಳಿದ. “ಇಲ್ರಿ ಸಾಹೇಬ್ರ, ಸುಮ್ಮ ಕುಂತೀನ್ರಿ. ನಿಂತ ಯಾಕ್ರಿ, ಒಳಗ ಬರ್ರಿ.” ನಾನು ಅವಳ ಬೆನ್ನ ಹಿಂದಿನ ಹಣಿಗೆಯತ್ತ ಬೆರಳು ತೋರಿಸಿದೆ. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ, ಬಂದವರ ಎದುರು ಮನೆಯ ಮಾನ ತೆಗೆದೆಯಲ್ಲ ಎಂಬಂತೆ. ಗುರುಪಾದ ಒಳಗೆ ಕೂತು ಚಹಾ ಕುಡಿದ. ಬಹಳ ರುಚಿಯಾಗಿದೆ ಎಂದ. ಅದರ ನೀರು ಅವಳೇ ಬಾಚಿದ ಬಲೆಯದು. ಓಣಿಯ ತಿರುವಿನಲ್ಲಿ ನನ್ನ ಬರಹವನ್ನು ತಿದ್ದಿ ತೊಂಬತ್ತೆರಡು ಮಾಡಿದ.

ನಾಲ್ಕನೇ ಸಲ ಹೋಗುವಷ್ಟರಲ್ಲಿ ರೇಣವ್ವ ತೀರಿಕೊಂಡು ಹದಿನೆಂಟು ದಿನವಾಗಿತ್ತು. ಮರುಭೇಟಿಯ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇದೆ, ‘ಈಗ ಈ ಮನೆಯ ಸದಸ್ಯರಲ್ಲ’ ಎಂದು. ಗೀಟು ಹಾಕಿದೆ. ಬದುಕಿದ್ದಾಗ ಅವಳು ಸುಮ್ಮ ಕುಂತ ಎರಡು ಸಾವಿರದ ನೂರಾ ಅರವತ್ತು ಹೆಂಗಸರಾಗಿದ್ದಳು. ಸತ್ತದ್ದು ಮಾತ್ರ ಒಬ್ಬಳೇ. ಸೊಸೆ ಈರಮ್ಮ ಅದೇ ಜಾಗದಲ್ಲಿ, ಅದೇ ಹಣಿಗೆ ಹಿಡಿದು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ “ಬರ್ರಿ ಅಕ್ಕಾರ, ಸುಮ್ಮ ಕುಂತಿದ್ದೆ” ಎಂದಳು. ಕೈಪಿಡಿ ಮುಚ್ಚಿ ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಕೈಪಿಡಿ ತೆರೆದೆ, ಇನ್ನೇನು ಮಾಡಲಿ, ಅದೂ ನನ್ನ ಕೆಲಸ.

ಆ ವರ್ಷದ ಕೋಷ್ಟಕದಲ್ಲಿ ಬೆಟಗೇರಿಯ ಎದುರು, ಬಲೆ ಬಾಚುವವರು ಎಂಬ ಸಾಲಿನಲ್ಲಿ, ಒಂದು ಸಣ್ಣ ಅಡ್ಡಗೆರೆ ಇತ್ತು. ಸೊನ್ನೆಯೂ ಅಲ್ಲ. ಉಳಿದ ಏಳು ನಿಂತ ಮನೆಗಳ ಹೆಂಗಸರೂ ಸುಮ್ಮ ಕುಂತೀವ್ರಿ ಎಂದೇ ಹೇಳಿದ್ದರು. ಉಸಿರುಮನೆ ಮುಂಡರಗಿಗೆ ಹೋಯಿತು. ಅಲ್ಲಿ ಗಂಡಸರು ಹಗ್ಗಕ್ಕೆ ಬಲೆ ಕಟ್ಟುತ್ತಾರೆ, ಕೇಳಿದರೆ ಎದೆಯುಬ್ಬಿಸಿ ಡ್ಯೂಟಿ ಮೇಲಿದ್ದೀನಿ ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಕೆಮ್ಮು ಇದೆ. ಆದರೆ ನಲವತ್ತು ಕಿಲೋಮೀಟರ್ ದೂರವನ್ನು ಉಸಿರು ಸಾಲದ ಹೆಂಗಸು ಹೇಗೆ ದಾಟುತ್ತಾಳೆ? ವರದಿಯ ಮೊದಲ ಪುಟದಲ್ಲಿ ತಪ್ಪಿನ ಅಂದಾಜು ಶೇಕಡಾ ಒಂದೂವರೆ ಎಂದು ಬರೆದಿದ್ದರು. ಚೀಟಿ ಎತ್ತುವುದರಿಂದ ಆಗುವ ತಪ್ಪು ಅದು, ಅದನ್ನು ಗಣಿತದಿಂದ ಅಳೆಯಬಹುದು, ಅಚ್ಚುಕಟ್ಟಾಗಿ ಅಳೆದಿದ್ದರು. ನಾನು ಆ ಗಣಿತವನ್ನು ಹಳಿಯುವುದಿಲ್ಲ. ತುಂಡು ಸರಿಯಿತ್ತು, ಪದರ ಸರಿಯಿತ್ತು, ಚೀಟಿಯಲ್ಲಿ ಮೋಸವಿರಲಿಲ್ಲ. ಕಟ್ಟೆಯ ಮೇಲೆ, ನನ್ನ ಅವಳ ನಡುವಿನ ಒಂದು ಮೊಳ ಜಾಗದಲ್ಲಿ ಆದ ತಪ್ಪಿಗೆ ಮಾತ್ರ ಯಾರ ಬಳಿಯೂ ಅಳತೆಗೋಲು ಇರಲಿಲ್ಲ.

ಇದಾಗಿ ಹನ್ನೊಂದು ವರ್ಷ. ಈಗ ನನಗೆ ಅರವತ್ತನಾಲ್ಕು. ನಿವೃತ್ತಿಯಾದ ಮೇಲೆ ನೀರು ಸಾಲದೆ ನಾನೂ ಬಲೆ ಬಾಚುತ್ತೇನೆ. ರೇಣವ್ವನ ಕೆಮ್ಮು ನನಗೂ ಬಂದಿದೆ. ಹೋದ ತಿಂಗಳು ಚೀಟಿಯಲ್ಲಿ ನನ್ನ ಮನೆಯೇ ಬಂತು. ಇಷ್ಟು ವರ್ಷ ಇದಕ್ಕೇ ಕಾದಿದ್ದೆ. ಕೇಳುವವರು ಬಂದರೆ ಏನು ಹೇಳಬೇಕೆಂದು ಒಬ್ಬಳೇ ಅಡುಗೆಮನೆಯಲ್ಲಿ ಬಾಯಿಪಾಠ ಮಾಡಿದೆ: ನಾನು ಕೆಲಸ ಮಾಡುತ್ತೇನೆ, ಬಲೆ ಬಾಚುತ್ತೇನೆ, ವಾರಕ್ಕೆ ಇಪ್ಪತ್ತೆಂಟು ಗಂಟೆ. ಮೊನ್ನೆ ಬೆಳಿಗ್ಗೆ ಒಬ್ಬ ಎಳೆಯ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಚಪ್ಪಲಿಯ ತುಂಬ ಧೂಳು, ಕಂಕುಳಲ್ಲಿ ಅದೇ ಕೈಪಿಡಿ. “ಕೆಲಸದಾಗ ಇದ್ರೇನ್ರಿ ಅಮ್ಮಾರ, ಆಮ್ಯಾಲ ಬರ್ಲ್ಯಾ?” ಎಂದು ಒಂದು ಹೆಜ್ಜೆ ಹಿಂದೆ ಇಟ್ಟಳು. ನನ್ನ ಕೈ ತಾನಾಗಿಯೇ ಹಣಿಗೆಯನ್ನು ಕೆಳಗಿಟ್ಟಿತು. “ಏ ಇಲ್ಲ ಬಾರವ್ವಾ, ಸುಮ್ಮ ಕುಂತೀನಿ” ಎಂದೆ. ಅವಳು ತಲೆ ತಗ್ಗಿಸಿ ಬರೆದುಕೊಂಡಳು. ತಿದ್ದಬೇಕೆಂದು ಬಾಯಿ ತೆರೆದೆ, ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಅವಳು ಮುಂದಿನ ಹಾಳೆಗೆ ಹೋಗಿದ್ದಳು.

ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ನಮ್ಮವರೆಗೆ ಇಳಿದು ಬಂದ ಈ ಪ್ರಶ್ನೆಯನ್ನು ಬರೆಯುವವರು ಇನ್ನೂ ನಿಮ್ಮ ಕಾಲದಲ್ಲಿದ್ದಾರೆ, ನಿಮಗೆ ಅವರ ಕೈ ಹಿಡಿದು ನಿಲ್ಲಿಸಲು ಬರುತ್ತದೆ. ಕೆಲಸ ಮಾಡುತ್ತೀರಾ ಎಂದು ಕೇಳಬೇಡಿ. ಒಳಗೆ ಹೋಗಿ, ಚಹಾ ಕುಡಿದು ಮುಗಿಸಿ, ನೀವು ಅತಿಥಿಯಾಗಿರುವುದು ಮುಗಿದ ಮೇಲೆ, ನಿನ್ನೆ ಎದ್ದಾಗಿನಿಂದ ಕೈ ಏನೇನು ಮಾಡಿತು ಎಂದು ಕೇಳಿ. ಮೂವತ್ತೆಂಟು ಪ್ರಶ್ನೆಗೂ ಸಮಯ ಕೊಡಿ. ನಿಮ್ಮ ಕಟ್ಟೆಯ ಮೇಲೆ ತಪ್ಪಿದ್ದು ನಮ್ಮ ಎದೆಯೊಳಗೆ ಕೂತಿದೆ.

ಆ ಹೆಣ್ಣುಮಗಳು ಮೂರು ತಿಂಗಳಿಗೆ ಮತ್ತೆ ಬರುತ್ತಾಳೆ. ಮರೆಯಬಾರದೆಂದು ‘ನಾನು ಕೆಲಸ ಮಾಡುತ್ತೇನೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ್ದೇನೆ. ಹೊರಗೆ ಯಾರದಾದರೂ ಹೆಜ್ಜೆ ಸಪ್ಪಳ ಕೇಳಿದರೆ ಮಾತ್ರ ಎದ್ದು ಹೋಗಿ ಅದನ್ನು ತಿರುವಿ ಹಾಕುತ್ತೇನೆ. ಬಂದವರಿಗೆ ಬೇಜಾರಾಗಬಾರದಲ್ಲ.

ನಾಗಲಾಂಬಿಕೆ ಬಳಿಗಾರ
ನಿಂತ ಮನೆ, ಹೊರೆ ಎರಡು ಸಾವಿರದ ನೂರಾ ಅರವತ್ತು