“ಹೌದು, ಅದೇ” ಅನ್ನುವ ತನಕ

ಪ್ರೀತಿಯ ಅಕ್ಕಾ,

ಆರಾಮಾಗಿದ್ದೇನೆ. ಈ ಸಾಫ್ಟ್‌ವೇರ್ ಆಫೀಸಿನಲ್ಲಿ ಒಂದು ಕಟ್ಟಳೆಯಿದೆ: ಯಾರ ಮಾತನ್ನಾದರೂ ಅಲ್ಲಗಳೆಯುವ ಮೊದಲು, ಅವರು “ಹೌದು, ಅದೇ” ಅನ್ನುವ ತನಕ ಅವರ ಮಾತನ್ನು ನಾವೇ ತಿರುಗಿ ಹೇಳಬೇಕು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ನಿನಗೆ ಗೊತ್ತಲ್ಲ! ನಿನ್ನೆ ಹಿರಿಯ ಮೇಡಂ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ತೋರಿಸಿದರು. ನಾನು ವಾದಕ್ಕಿಳಿದೆ. ಕಟ್ಟಳೆಯಂತೆ ಮೊದಲು ಅವರ ಮಾತನ್ನು ತಿರುಗಿ ಹೇಳಬೇಕಾಯಿತು. ಮೂರು ಸಲ ಹೇಳಿದೆ, ಮೂರು ಸಲವೂ ಅವರು ನಗುತ್ತಲೇ, “ನಾನ್ ಹೇಳಿದ್ದು ಅದಲ್ಲಪ್ಪ, ಇನ್ನೊಂದ್ಸಲ ಹೇಳು” ಅಂದರು. ನಾಲ್ಕನೆಯ ಸಲ ಹೇಳುವಾಗ ತಪ್ಪು ನನಗೇ ಕಂಡಿತು. ಎಂಥ ತಾಳ್ಮೆ ಅಂತೀಯ!

ಹೊರಡುವ ದಿನ ನಿನ್ನ ಮಂಡಿ ಆಪರೇಷನ್ ವಿಚಾರಕ್ಕೆ ಜಗಳವಾಡಿದೆವಲ್ಲ. ನಿನಗೆ ಬೇಕಿದ್ದದ್ದು ನನ್ನ ಉಪದೇಶವಲ್ಲ, ಆಸ್ಪತ್ರೆಯಲ್ಲಿ ಪಕ್ಕದಲ್ಲಿರಲು ಒಬ್ಬರು. ಅದೇ ತಾನೇ? “ಹೌದು” ಅಂತ ಬರೆ, ರಜೆ ಹಾಕಿ ಬರುತ್ತೇನೆ. “ಅಲ್ಲ” ಅಂದರೆ, ತಿರುಗಿ ಹೇಳಿ ನೋಡಲು ಇನ್ನೂ ಮೂರು ಅಂಚೆ ಕಾರ್ಡ್ ಕೊಂಡಿಟ್ಟಿದ್ದೇನೆ.

ನಿನ್ನ ಮೊಂಡ ತಮ್ಮ